ಎಂಜಿನಿಯರಿಗೆ ಪರವಾನಗಿ ಕೊಡುವವರು ಯಾರು?

ಕಮರ್ಷಿಯಲ್ ಸ್ಟ್ರೀಟಿಗೆ ಬಂದವರ ಕಣ್ಣು ಬಟ್ಟೆ, ಚಿನ್ನ, ಚಪ್ಪಲಿಯ ಅಂಗಡಿಗಳ ಮೇಲೇ ಇರುತ್ತದೆ. ತುಸು ತಲೆಯೆತ್ತಿದರೆ ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿ ಎದ್ದ ಮಹಡಿಗಳು ಕಾಣುತ್ತವೆ. ಇವು ನಿಲ್ಲುತ್ತವೆಂದು ಹೊಣೆ ಹೊತ್ತವರು ಯಾರು? ಆ ಅಧಿಕಾರ ಅವರಿಗೆ ಬಂದದ್ದು ಎಲ್ಲಿಂದ?

ಒಂದು ಕಾಲಕ್ಕೆ ಪರವಾನಗಿ ಎಂಬುದು ಪದವಿಯ ಹೆಸರಿನಲ್ಲೇ ಇತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರು ಪುಣೆಗೆ ಹೋಗಿ 1883ರಲ್ಲಿ ಎಲ್.ಸಿ.ಇ. ಪರೀಕ್ಷೆ ಪಾಸು ಮಾಡಿದರು. ಅದರ ಮೊದಲಕ್ಷರ 'ಲೈಸೆನ್ಷಿಯೇಟ್', ಅಂದರೆ ಪರವಾನಗಿ ಪಡೆದವರು. ಮರುವರ್ಷ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾದರು. ಆಗ ಎಂಜಿನಿಯರ್ ಎಂದರೆ ಬಹುಮಟ್ಟಿಗೆ ಸರ್ಕಾರಿ ಅಧಿಕಾರಿ. ತಪ್ಪಿದರೆ ಕೇಳಲು ಮೇಲೊಬ್ಬರು ಇದ್ದರು.

1917ರಲ್ಲಿ ಬೆಂಗಳೂರಿನಲ್ಲೇ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1920ರಲ್ಲಿ ಸ್ಥಾಪನೆಯಾದ ಭಾರತೀಯ ಎಂಜಿನಿಯರುಗಳ ಸಂಸ್ಥೆ 1935ರಲ್ಲಿ ರಾಜಸನದು ಪಡೆಯಿತು. ಅದರ ಎ.ಎಂ.ಐ.ಇ. ಪರೀಕ್ಷೆ, ಕೆಲಸ ಮಾಡುತ್ತಲೇ ಓದುವ ಡಿಪ್ಲೊಮಾದವರಿಗೂ ಎಂಜಿನಿಯರ್ ಆಗುವ ದಾರಿ ತೆರೆಯಿತು. ಆದರೆ ಇವೆಲ್ಲ ಅರ್ಹತೆಯ ಗುರುತುಗಳು, ಪರವಾನಗಿಯಲ್ಲ.

ಅಮೆರಿಕದ ವಯೋಮಿಂಗ್ ರಾಜ್ಯ 1907ರಲ್ಲೇ ಎಂಜಿನಿಯರುಗಳ ನೋಂದಣಿಗೆ ಕಾಯಿದೆ ತಂದಿತು. ಅಲ್ಲಿ ನೀರಿನ ಹಕ್ಕಿನ ಅರ್ಜಿಗಳ ನಕ್ಷೆಗಳನ್ನು ಅರ್ಹತೆಯಿಲ್ಲದವರೂ ಬರೆದು ಸಹಿ ಹಾಕುತ್ತಿದ್ದರು. ನಮ್ಮಲ್ಲಿ ವೈದ್ಯರಿಗೆ 1956ರಲ್ಲಿ, ವಕೀಲರಿಗೆ 1961ರಲ್ಲಿ, ವಾಸ್ತುಶಿಲ್ಪಿಗಳಿಗೆ 1972ರಲ್ಲಿ ಕೇಂದ್ರದ ಕಾಯಿದೆಗಳು ಬಂದವು. 1956ರ ವಿದ್ಯುತ್ ನಿಯಮಗಳು ಕಟ್ಟಡಕ್ಕೆ ವೈರಿಂಗ್ ಮಾಡುವ ಗುತ್ತಿಗೆದಾರರಿಗೂ ಲೈಸೆನ್ಸ್ ಬೇಕೆಂದವು. ಎಂಜಿನಿಯರುಗಳಿಗೆ ಮಾತ್ರ 20ನೆಯ ಶತಮಾನ ಮುಗಿದರೂ ಅಂಥ ಕಾಯಿದೆ ಬರಲಿಲ್ಲ.

ಹೀಗಾಗಿ ಹೊಣೆ ಊರಿನ ಆಡಳಿತದ ಮೇಲೆ ಬಿತ್ತು. 1947ರವರೆಗೆ ಕಮರ್ಷಿಯಲ್ ಸ್ಟ್ರೀಟ್ ಬ್ರಿಟಿಷ್ ರೆಸಿಡೆಂಟರ ಅಧೀನದ ದಂಡು ಪ್ರದೇಶದಲ್ಲಿತ್ತು. 1949ರಲ್ಲಿ ದಂಡು ಮತ್ತು ನಗರದ ಮುನಿಸಿಪಾಲಿಟಿಗಳೆರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಬೆಂಗಳೂರಿನ 2003ರ ಕಟ್ಟಡ ಬೈಲಾ ಪ್ರಕಾರ, ನಕ್ಷೆಗೆ ಸಹಿ ಹಾಕಬೇಕಾದವರು ಪಾಲಿಕೆಯಲ್ಲಿ ನೋಂದಾಯಿತರಾದ ವಾಸ್ತುಶಿಲ್ಪಿ, ಎಂಜಿನಿಯರ್ ಅಥವಾ ಮೇಲ್ವಿಚಾರಕರು. ಇದು ಊರಿನ ಪರವಾನಗಿ. ಇಡೀ ವೃತ್ತಿಯ ಪರವಾನಗಿಯಲ್ಲ.

ಇದೆಲ್ಲ ಕಾಗದದ ಮಾತೆಂದು ತಳ್ಳಿಹಾಕುವಂತಿಲ್ಲ. 1983ರಲ್ಲಿ ಸುಬೇದಾರ್ ಛತ್ರಂ ರಸ್ತೆಯ ಕಪಾಲಿ ಚಿತ್ರಮಂದಿರದ ಬಳಿ, ಇನ್ನೂ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಹಳೆಯ ಬೆಂಗಳೂರಿಗರು ಅದನ್ನು ಇಂದಿಗೂ ಮರೆತಿಲ್ಲ.

ಪರವಾನಗಿ ಎಂಬುದು ಹೆಸರಿನ ಮುಂದಿನ ಬಿರುದಲ್ಲ. ತಪ್ಪಿದರೆ ಕೇಳಲು ಒಂದು ಹೆಸರು, ಅಗತ್ಯ ಬಿದ್ದರೆ ಆ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುವ ಅಧಿಕಾರ: ಇವೆರಡೂ ಇದ್ದಾಗಲೇ ಅದಕ್ಕೆ ಬೆಲೆ. ಮನೆ ಕಟ್ಟಿಸುವವರು ಎಂಜಿನಿಯರನ್ನು ಸಿಮೆಂಟು, ಕಬ್ಬಿಣದ ಲೆಕ್ಕ ಕೇಳುವ ಮೊದಲು ಇನ್ನೊಂದು ಮಾತು ಕೇಳುವುದು ಒಳ್ಳೆಯದು: 'ನಕ್ಷೆಗೆ ಸಹಿ ಯಾರದು? ಸಹಿ ಹಾಕಿದವರು ಕಟ್ಟುವಾಗ ಬಂದು ನೋಡುತ್ತಾರೆಯೆ?'