ಕನಸು ಬಿದ್ದ ಮೈ

ಕನ್ನಡದಲ್ಲಿ ಕನಸನ್ನು ಕಾಣುವುದೂ ಉಂಟು, ಕನಸು ಬೀಳುವುದೂ ಉಂಟು. ಕಾಣುವ ಕನಸಿನಲ್ಲಿ ಕರ್ತೃತ್ವವು ಕಾಣುವವನದು. ಬೀಳುವ ಕನಸಿನಲ್ಲಾದರೋ ಅವನು ಕೊಂಬೆ ಮುರಿದು ಮೈಮೇಲೆ ಬಿದ್ದ ದಾರಿಹೋಕನಂತೆ ಕೇವಲ ಪೆಟ್ಟು ತಿನ್ನತಕ್ಕವನು. ಸಕಲೇಶಪುರ, ಆಲೂರು ಸೀಮೆಯ ಹಳಬರು ದುಃಸ್ವಪ್ನದ ವಿಷಯದಲ್ಲಿ ಈ ಎರಡನೆಯ ಮಾತನ್ನೇ ಆಡುವರು. ಬೆಳಗ್ಗೆ ಎದ್ದವನ ದವಡೆ ನೋಯುತ್ತಿದ್ದರೆ, ಹೆಗಲು ಹಿಡಿದುಕೊಂಡಿದ್ದರೆ, ಎದೆಯ ಮೇಲೆ ಯಾರೋ ಕುಳಿತೆದ್ದು ಹೋದಂತೆ ಭಾರವಾಗಿದ್ದರೆ, ರಾತ್ರಿ ಏನೋ ಬಿದ್ದಿರಬೇಕೆಂದು ಮನೆಯ ಹಿರಿಯರು ಮೊದಲು ಕೈಯಿಟ್ಟು ನೋಡುತ್ತಿದ್ದುದು ಅವನ ಮೈಯನ್ನು. ಕನಸಿನ ಕಥೆಯನ್ನು ಕೇಳುತ್ತಿದ್ದುದು ಆಮೇಲೆ. ನಡುರಾತ್ರಿಯಲ್ಲಿ ಚೀರಿ ಎದ್ದು ಮೈ ಬಿಸಿ ಮಾಡಿಕೊಂಡ ಮಗುವನ್ನು ಕುರಿತು ‘ಮಗು ಬೆಚ್ಚಿದೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವರು. ಭಯವೂ ಜ್ವರವೂ ಆ ಒಂದು ಕ್ರಿಯಾಪದದೊಳಗೆ ಅಡಗಿವೆ.

ಮೈಯನ್ನು ಮೊದಲು ಮುಟ್ಟುವ ಈ ಪದ್ಧತಿಗೆ ಒಂದು ಚರಿತ್ರೆಯುಂಟೆಂದು ನನ್ನ ಅಭಿಪ್ರಾಯ. ಅದು ಚಳಿಜ್ವರದ, ಎಂದರೆ ಮಲೇರಿಯಾದ ಚರಿತ್ರೆ. ಮಂಜರಾಬಾದ್ ತಾಲ್ಲೂಕೆಂದು ಹಿಂದೆ ಪ್ರಸಿದ್ಧವಾಗಿದ್ದ ಈ ಸೀಮೆಗೆ 1850ರ ದಶಕದಲ್ಲಿ ಬಂದು ಕಾಡು ಕಡಿಸಿ ಕಾಫಿಯ ತೋಟ ಮಾಡಿದ ರಾಬರ್ಟ್ ಎಲಿಯಟ್ಟನು ತನ್ನ ಅನುಭವಗಳನ್ನು 1871ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದನಷ್ಟೆ. ಅವನ ಹಿಂದೆ ಬಂದ ದೊರೆಗಳಿಗೂ, ಘಟ್ಟದ ಕೆಳಗಿನಿಂದ ಹತ್ತಿಬಂದ ಆಳುಗಳಿಗೂ, ಇಲ್ಲಿಯೇ ಹುಟ್ಟಿ ಬೆಳೆದ ಗೌಡರಿಗೂ ಭೇದವಿಲ್ಲದೆ ಹಿಡಿಯುತ್ತಿದ್ದುದೆಂದರೆ ಈ ಜ್ವರ. ತಿಳಿನೀರು ಮೆಲ್ಲನೆ ಹರಿಯುವ ತೊರೆಗಳ ಅಂಚಿನ ಹುಲ್ಲಿನಲ್ಲಿ ಮರಿಮಾಡುವ ಫ್ಲುವಿಯಾಟಿಲಿಸ್ ಎಂಬ ಜಾತಿಯ ಸೊಳ್ಳೆಯೇ ಮಲೆನಾಡಿನಲ್ಲಿ ಇದರ ಮುಖ್ಯ ವಾಹಕವೆಂಬುದು ಆಗ ಯಾರಿಗೆ ತಿಳಿದಿತ್ತು? ಸೊಳ್ಳೆಗೂ ಈ ಜ್ವರಕ್ಕೂ ಇರುವ ಸಂಬಂಧವನ್ನು ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದೇ 1897ರಲ್ಲಿ. ದಿನ ಬಿಟ್ಟು ದಿನ ಬರುವ ಈ ಜ್ವರದಲ್ಲಿ ಮೊದಲು ಹಲ್ಲು ಕಟಕಟಿಸುವ ಚಳಿ, ಆಮೇಲೆ ಕಾದ ಹಂಚಿನಂತಹ ಮೈ, ಕೊನೆಗೆ ಹಾಸಿಗೆ ತೊಯ್ಯುವ ಬೆವರು. ನಡುವಿನ ಆ ಉರಿಯಲ್ಲಿ ರೋಗಿಯು ಕನವರಿಸುವನು, ಇಲ್ಲದವರನ್ನು ಕರೆಯುವನು, ಸತ್ತವರೊಡನೆ ಮಾತನಾಡುವನು. ಮತ್ತೆ ಮತ್ತೆ ಜ್ವರ ಬಂದವರ ಎಡಪಕ್ಕೆಯಲ್ಲಿ ಗುಲ್ಮವು ಊದಿಕೊಂಡು ಜ್ವರಗಡ್ಡೆಯಾಗುತ್ತಿದ್ದಿತು. ಅಂಥವನಿಗೆ ಇರುಳಿನಲ್ಲಿ ಪಕ್ಕೆಯನ್ನು ಯಾರೋ ತುಳಿದಂತೆ ಕನಸು ಬಿದ್ದಿತೆಂದರೆ, ಕನಸಿನಿಂದ ನೋವು ಹುಟ್ಟಿತೋ, ನೋವಿನಿಂದ ಕನಸು ಹುಟ್ಟಿತೋ ಎಂದು ವಿಂಗಡಿಸುವ ಗೊಡವೆಗೆ ಯಾವ ಬುದ್ಧಿವಂತನಾದರೂ ಏಕೆ ಹೋದಾನು? ಗಾಳಿ ಸೋಕಿತೆಂದರು, ಸೋಕಿದ್ದು ಮೈಗೆ ಎಂದರು. ತಲೆದಿಂಬಿನ ಕೆಳಗೆ ಕತ್ತಿಯಿಟ್ಟರು, ಮಂತ್ರಿಸಿದ ವಿಭೂತಿ ಹಚ್ಚಿದರು, ತೋಳಿಗೆ ಅಂತ್ರ ಕಟ್ಟಿಸಿದರು, ನಿವಾಳಿಸಿ ಮೂರುದಾರಿ ಕೂಡುವಲ್ಲಿ ಎಸೆದುಬಂದರು.

ಇದೇ ಬೆಟ್ಟಗಳಲ್ಲಿ ದೋಣಿಗಲ್ಲಿನ ಬಳಿ, ಎಂಟು ಮೂಲೆಯ ನಕ್ಷತ್ರಾಕಾರದಲ್ಲಿ 1792ರ ಹೊತ್ತಿಗೆ ಕೋಟೆ ಕಟ್ಟಿಸಿದ ಟಿಪ್ಪು ಸುಲ್ತಾನನು ತನ್ನ ಕನಸುಗಳನ್ನು ಬರೆದಿಡುತ್ತಿದ್ದನೆಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸು ಒಪ್ಪದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವನ ಶಯನಗೃಹದಲ್ಲಿ ದೊರೆತ ಆ ಪಾರಸಿ ಪುಸ್ತಕದಲ್ಲಿ ಅವನ ಸ್ವಹಸ್ತದ 37 ಕನಸುಗಳಿವೆ. ಈಗ ಅದು ಲಂಡನ್ನಿನಲ್ಲಿದೆ. ದೊರೆಯ ಕನಸು ಕಾಗದಕ್ಕೆ ಇಳಿಯಿತು. ಮಂಜು ಮುಸುಕಿದ ಆ ಕೋಟೆಯಲ್ಲಿ ಕಂಬಳಿ ಹೊದ್ದು ಕಾವಲಿದ್ದ ಸಿಪಾಯಿಯ ಕನಸು ಅವನ ಪಕ್ಕೆಯಲ್ಲಿಯೇ ಉಳಿಯಿತು.

ಶಾಸ್ತ್ರಗಳು ಈ ಸಮಸ್ಯೆಯನ್ನು ಬಹು ಹಿಂದೆಯೇ ಕೈಗೆತ್ತಿಕೊಂಡಿದ್ದುವು. ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು ಎಂಬ ಆರರ ಕೊನೆಗೆ ದೋಷಜವೆಂಬ ಏಳನೆಯದನ್ನು ಹೇಳಿದೆ: ಎಂದರೆ ವಾತ, ಪಿತ್ತ, ಕಫಗಳು ಕೆರಳಿ, ಶರೀರವೇ ಹೆತ್ತ ಕನಸು. ನಮ್ಮ ಗುಡ್ಡಗಳ ಅಕ್ಷರ ತಿಳಿಯದ ಅಜ್ಜಿಯು ಕನಸಿನ ಕಥೆಗೆ ಮೊದಲು ಹಣೆ ಮುಟ್ಟಿ ನೋಡಿದಾಗ ಈ ಏಳನೆಯದನ್ನೇ ಹುಡುಕುತ್ತಿದ್ದಳಲ್ಲವೆ! ಇನ್ನು ಇದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಐತಿಹ್ಯದಲ್ಲಿ ಚಂದ್ರಗುಪ್ತನಿಗೆ ಬಿದ್ದ ಹದಿನಾರು ಅಶುಭಸ್ವಪ್ನಗಳನ್ನು ಭದ್ರಬಾಹುಮುನಿಯು ವಿವರಿಸಿದ ಕಥೆಯಿದೆ. ಕಾದಾಡುವ ಎರಡು ಕರಿಯ ಆನೆಗಳೂ, ಹನ್ನೆರಡು ಹೆಡೆಯ ಸರ್ಪವೂ ಅದರಲ್ಲಿವೆ. ಅಲ್ಲಿ ಕನಸು ರಾಜ್ಯದ ಭವಿಷ್ಯವನ್ನು ಹೇಳಿತು. ಘಟ್ಟದ ಒಕ್ಕಲಿಗೆ ಹೇಳಿದ್ದು ನಾಳೆ ಗದ್ದೆಗೆ ಇಳಿಯುವ ತ್ರಾಣವುಂಟೋ ಇಲ್ಲವೋ ಎಂಬುದನ್ನು ಮಾತ್ರ.

ಈಚಿನ ವಿಜ್ಞಾನವು ಮೈಯನ್ನು ಮೊದಲು ಮುಟ್ಟುತ್ತಿದ್ದ ಈ ಹಳಬರನ್ನು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. 1953ರಲ್ಲಿ ಷಿಕಾಗೋ ನಗರದ ಅಸೆರಿನ್‌ಸ್ಕಿ, ಕ್ಲೈಟ್‌ಮನ್ ಎಂಬಿಬ್ಬರು, ಮುಚ್ಚಿದ ರೆಪ್ಪೆಯೊಳಗೆ ಕಣ್ಣಾಲಿಗಳು ಅತ್ತಿತ್ತ ಓಡಾಡುವ ಒಂದು ಬಗೆಯ ನಿದ್ರೆಯನ್ನು ಗುರುತಿಸಿದರು. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಆಗಲೇ ಬೀಳುವುವು. ಆ ಹೊತ್ತಿನಲ್ಲಿ ಮಿದುಳಿನ ಬುಡದಿಂದ ಬರುವ ಅಪ್ಪಣೆಗೆ ಕೈಕಾಲುಗಳ ಸ್ನಾಯುಗಳು ಸಡಿಲಬಿದ್ದು ಸ್ತಬ್ಧವಾಗಿರುವುದರಿಂದಲೇ, ಹುಲಿ ಅಟ್ಟಿಸಿಕೊಂಡು ಬಂದರೂ ಕನಸಿನವನು ಹಾಸಿಗೆ ಬಿಟ್ಟು ಓಡನು. ಆದರೆ ಹೃದಯಕ್ಕೆ ಆ ಕಟ್ಟಿಲ್ಲ. ಭಯವು ಮಿಥ್ಯೆಯೆಂದು ಅದಕ್ಕೆ ತಿಳಿಹೇಳುವವರಿಲ್ಲದೆ ಅದು ಹೊಡೆದುಕೊಳ್ಳುವುದು, ಉಸಿರು ಏರುವುದು, ಬೆವರು ಒಡೆಯುವುದು. ನಿದ್ರೆಯಲ್ಲಿ ಹಲ್ಲು ಕಚ್ಚುವ ಅಭ್ಯಾಸವುಳ್ಳವನಿಗೆ ಬೆಳಗ್ಗೆ ದವಡೆಯೂ ತಲೆಯೂ ನೋಯುವುವು. ಎಚ್ಚರವು ಮೊದಲು ಬಂದು ಸ್ನಾಯುಗಳ ಕಟ್ಟು ಆಮೇಲೆ ಬಿಚ್ಚಿದರೆ, ಕಣ್ಣು ತೆರೆದಿದ್ದರೂ ಕೈ ಎತ್ತಲಾಗದೆ, ಕೂಗಲೂ ಆಗದೆ, ಎದೆಯನ್ನು ಅಮುಕಿದಂತಾಗುವ ಆ ಘಳಿಗೆಯೇ ಲೋಕದ ನಾನಾ ದೇಶಗಳಲ್ಲಿ ಎದೆಯ ಮೇಲೆ ಕೂರುವ ದೆವ್ವಗಳನ್ನು ಹುಟ್ಟಿಸಿರುವುದು. ಲಾವೋಸಿನಿಂದ ಅಮೆರಿಕಕ್ಕೆ ವಲಸೆಹೋದ ಹ್ಮಾಂಗ್ ಜನಾಂಗದ ಗಟ್ಟಿಮುಟ್ಟಾದ ಗಂಡಸರು 1980ರ ಆಸುಪಾಸಿನಲ್ಲಿ ನಿದ್ರೆಯಲ್ಲಿಯೇ ಒಬ್ಬೊಬ್ಬರಾಗಿ ಮಡಿದಾಗ ಅವರ ಬಂಧುಗಳೂ ಇಂತಹುದೇ ದೆವ್ವವನ್ನು ದೂರಿದರು. ವೈದ್ಯರು ಹೃದಯದ ವಿದ್ಯುತ್ ಸಂಚಾರದಲ್ಲಿಯ ದೋಷವನ್ನು ಶಂಕಿಸಿದರು.

ಮಲೆನಾಡಿನ ದೆವ್ವಗಳಿಗೆ ಮದ್ದು ಬಂದದ್ದು ಬೇರೆ ದಾರಿಯಿಂದ. ನೆರೆಯ ಮೂಡಿಗೆರೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸರ್ಕಾರವು ಮಲೇರಿಯಾ ಸಂಶೋಧನೆಯ ಕೇಂದ್ರವನ್ನು ನಡೆಸಿದ್ದಿತು. ಸ್ವಾತಂತ್ರ್ಯಾನಂತರ, 1953ರಲ್ಲಿ, ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಮೊದಲಾಗಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆಯತೊಡಗಿದರು. ಷಿಕಾಗೋವಿನಲ್ಲಿ ಕನಸಿನ ನಿದ್ರೆಯನ್ನು ಗುರುತಿಸಿದ ವರ್ಷವೂ ಅದೇ ಎಂಬುದು ಬರಿಯ ಕಾಕತಾಳೀಯವಾದರೂ ನನಗೆ ಮೋಜೆನಿಸುತ್ತದೆ. ಜ್ವರವು ಹಿಮ್ಮೆಟ್ಟಿದಂತೆ ಪಕ್ಕೆಯ ಗಡ್ಡೆ ಕರಗಿತು, ಅಂತ್ರದ ದಾರಗಳು ಸಡಿಲವಾದುವು, ದುಃಸ್ವಪ್ನವು ಮೈಯನ್ನು ಬಿಟ್ಟು ಮನಸ್ಸಿನ ವ್ಯವಹಾರವೆನಿಸಿತು.

ಪೂರ್ತಿಯಾಗಿ ಬಿಟ್ಟಿತೆಂದು ಹೇಳಲಾರೆ. ಆನೆಯ ಕನಸು ಶುಭವೆಂದು ನಮ್ಮ ಸ್ವಪ್ನಶಾಸ್ತ್ರವು ಹೇಳುವುದು. ತೀರ್ಥಂಕರನನ್ನು ಹೆರಲಿರುವ ತಾಯಿ ಕಾಣುವ ಹದಿನಾರು ಕನಸುಗಳಲ್ಲಿ ಮೊದಲನೆಯದೇ ಗಜೇಂದ್ರ. ಇಂದು ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆಗಳು ಬೀಡುಬಿಟ್ಟಿವೆ. 2014ರ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಅವು ತೀರಲಿಲ್ಲ. ಲೈನ್ ಮನೆಯಲ್ಲಿ ಮಲಗಿದವನಿಗೆ ಗಜೇಂದ್ರನ ಕನಸು ಬಿದ್ದಿತೆಂದರೆ, ಅವನು ಬೆವರಿ ಎದ್ದು, ಬಿಗಿದ ದವಡೆಯನ್ನು ಒತ್ತಿಕೊಳ್ಳುತ್ತ, ದೀಪ ಹಾಕದೆ ಕಿಟಕಿಯ ಬಳಿ ನಿಂತು, ಬೈನೆಮರ ಮುರಿದ ಆ ಸದ್ದು ನಿದ್ರೆಯೊಳಗಿನದೋ ಹಿತ್ತಿಲಿನದೋ ಎಂದು ಕಿವಿಗೊಡುವನು.