ಮೋಡೆಮ್ಮಿಗೂ ಮೌಸಿಗೂ ಜಗಳವೇಕೆ?

ಗಣಕಯಂತ್ರವನ್ನು ದೂರವಾಣಿ ತಂತಿಗೆ ಜೋಡಿಸುವ ಸಾಧನವೇ ಮೋಡೆಮ್. ಗಣಕದ ಅಂಕಿಗಳನ್ನು ಅದು ತಂತಿಯಲ್ಲಿ ಸಾಗಬಲ್ಲ ಸದ್ದಾಗಿ ಮಾರ್ಪಡಿಸುತ್ತದೆ; ಬಂದ ಸದ್ದನ್ನು ಮತ್ತೆ ಅಂಕಿಗಳಾಗಿಸುತ್ತದೆ. 1990ರ ದಶಕದಲ್ಲಿ ಇದನ್ನು ತಂದು ಗಣಕದೊಳಗೆ ಕೂರಿಸಿದ ಅನೇಕರಿಗೆ ವಿಚಿತ್ರ ಸಮಸ್ಯೆಯೊಂದು ಎದುರಾಗುತ್ತಿತ್ತು. ಮೋಡೆಮ್ ಕರೆ ಆರಂಭಿಸಿದೊಡನೆ ಪರದೆಯ ಮೇಲಿನ ಮೌಸ್ ಬಾಣ ನಿಂತುಬಿಡುತ್ತಿತ್ತು. ಮೌಸ್ ಅಲುಗಿಸಿದರೆ ಮೋಡೆಮ್ ಮೂಕವಾಗುತ್ತಿತ್ತು. ಎರಡು ಸಾಧನಗಳೂ ಸುಸ್ಥಿತಿಯಲ್ಲೇ ಇರುತ್ತಿದ್ದವು. ತಪ್ಪಿದ್ದುದು ಅವುಗಳಿಗೆ ಜಾಗ ಹಂಚಿದ್ದರಲ್ಲಿ.

ಈ ಹಂಚಿಕೆಯ ಮೂಲ 1981ರಲ್ಲಿದೆ. ಆ ವರ್ಷ ಐಬಿಎಂ ಕಂಪನಿ ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ, ಸಾಧನಗಳು ಸಂಸ್ಕಾರಕವನ್ನು ಕೂಗಿ ಕರೆಯಲು ಎಂಟೇ ಎಂಟು ಗೆರೆಗಳಿದ್ದವು. ಇವಕ್ಕೆ ಐಆರ್‌ಕ್ಯೂ ಎಂದು ಹೆಸರು. ಗಡಿಯಾರಕ್ಕೆ 0, ಕೀಲಿಮಣೆಗೆ 1, ಫ್ಲಾಪಿಗೆ 6, ಮುದ್ರಕಕ್ಕೆ 7 ಎಂದು ನಿಗದಿಯಾಯಿತು. ಕಾಮ್ 1 ಎಂಬ ದ್ವಾರಕ್ಕೆ 4, ಕಾಮ್ 2ಕ್ಕೆ 3. 1984ರ ಎಟಿ ಮಾದರಿಯಲ್ಲಿ ಬಳಕೆಗೆ ಸಿಗುವ ಗೆರೆಗಳು 15ಕ್ಕೆ ಏರಿದವು. ಆದರೆ ಮುಂದೆ ಬಂದ ಕಾಮ್ 3, ಕಾಮ್ 4 ದ್ವಾರಗಳಿಗೆ ರೂಢಿಯಲ್ಲಿ ಹೊಸ ಗೆರೆ ಸಿಗಲಿಲ್ಲ. ಮೂರನೆಯದು ಒಂದನೆಯದರ ಗೆರೆಯನ್ನೂ, ನಾಲ್ಕನೆಯದು ಎರಡನೆಯದರ ಗೆರೆಯನ್ನೂ ಹಂಚಿಕೊಳ್ಳಬೇಕಾಯಿತು. ಮೌಸ್ ಕಾಮ್ 1ರಲ್ಲಿ, ಮೋಡೆಮ್ ಕಾಮ್ 3ರಲ್ಲಿ ಇದ್ದರೆ ಜಗಳ ಕಟ್ಟಿಟ್ಟದ್ದು.

ಇದನ್ನು ವಿಜಯಪುರದವರಿಗೆ ವಿವರಿಸುವುದು ಸುಲಭ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಬ್ಬರೇ ಪಿಸುಗುಟ್ಟಿದರೆ ಆಚೆ ಬದಿಯಲ್ಲಿ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಪ್ರವಾಸಿಗರೆಲ್ಲ ಒಟ್ಟಿಗೆ ಕೂಗಿದರೆ ಕರೆದವರಾರು ಎಂಬುದೇ ತಿಳಿಯದು. ಹಳೆಯ ಐಎಸ್‌ಎ ಕಾರ್ಡುಗಳ ಪಾಡೂ ಇದೇ. ಒಂದೇ ಗೆರೆಯಲ್ಲಿ ಎರಡು ಕೂಗು ಎದ್ದರೆ ಒಂದು ಕಳೆದುಹೋಗುತ್ತಿತ್ತು.

ಪರಿಹಾರಕ್ಕೆ ಬೇಕಾದದ್ದು ತಾಳ್ಮೆ. ಮೊದಲು ಯಾವ ಸಾಧನ ಯಾವ ಗೆರೆಯಲ್ಲಿದೆ ಎಂದು ಕಾಗದದ ಮೇಲೆ ಪಟ್ಟಿ ಮಾಡಬೇಕು. ಗಣಕದ ಎರಡನೆಯ ದ್ವಾರ ಖಾಲಿಯಿದ್ದರೆ ಬಯಾಸ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸಿ, ಮೋಡೆಮ್ ಕಾರ್ಡಿನ ಮೇಲಿನ ಜಂಪರ್ ಎಂಬ ಪುಟ್ಟ ಕೊಂಡಿಗಳನ್ನು ಕಿತ್ತು ಕಾಮ್ 2ಕ್ಕೆ, 3ನೇ ಗೆರೆಗೆ ಹೊಂದಿಸಬೇಕು. ಧ್ವನಿ ಕಾರ್ಡ್ ಇಲ್ಲದ ಯಂತ್ರದಲ್ಲಿ 5ನೇ ಗೆರೆಯೂ ಸಾಮಾನ್ಯವಾಗಿ ಖಾಲಿ. ಕಾರ್ಡಿನಲ್ಲಿ ಮಾಡಿದ ಹೊಂದಾಣಿಕೆಯನ್ನೇ ತಂತ್ರಾಂಶಕ್ಕೂ ತಿಳಿಸದಿದ್ದರೆ ಶ್ರಮವೆಲ್ಲ ವ್ಯರ್ಥ.

ಮಹಾನಗರದಿಂದ ದೂರವಿದ್ದವರಿಗೆ ಈ ತೊಡಕು ಹೆಚ್ಚು ದುಬಾರಿಯಾಗಿತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಸೇವೆ ಇದ್ದದ್ದು ಕೆಲವೇ ಮಹಾನಗರಗಳಲ್ಲಿ. ಆಗ ಬಿಜಾಪುರವೆಂದೇ ಕರೆಯಲಾಗುತ್ತಿದ್ದ ಊರಿನಿಂದ ಅಲ್ಲಿಗೆ ತಲುಪಲು ಎಸ್‌ಟಿಡಿ ಕರೆಯೇ ಬೇಕು. ಗೆರೆಯ ಜಗಳದಿಂದ ಸಂಪರ್ಕ ನಡುವೆ ಕಡಿದರೂ ಮೀಟರ್ ಓಡಿದ್ದು ಓಡಿದ್ದೇ. ಅದೇ ತಾಲೂಕಿನ ಹೋಬಳಿಗಳಾಗಿದ್ದ ತಿಕೋಟಾ, ಬಬಲೇಶ್ವರಗಳಂಥ ಊರುಗಳಿಗೆ ಮೋಡೆಮ್‌ಗಿಂತ ಮೊದಲು ಒಳ್ಳೆಯ ದೂರವಾಣಿ ತಂತಿಯೇ ಬೇಕಿತ್ತು. ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ವಿನಿಮಯ ಕೇಂದ್ರ ಕರ್ನಾಟಕದ ಕಿತ್ತೂರಿನಲ್ಲೇ ಆರಂಭವಾದದ್ದು 1986ರಲ್ಲಿ ಎಂಬುದನ್ನು ನೆನೆದರೆ, ಹಳ್ಳಿಗಳ ತಂತಿ ಎಷ್ಟು ಹೊಸದಾಗಿತ್ತೆಂದು ತಿಳಿಯುತ್ತದೆ.

ಭಾರತದಲ್ಲಿ ಇಂಟರ್‌ನೆಟ್ ತೆರೆದ ಒಂಬತ್ತೇ ದಿನಕ್ಕೆ, ಆಗಸ್ಟ್ 24ರಂದು, ವಿಂಡೋಸ್ 95 ಬಿಡುಗಡೆಯಾಯಿತು. 1993ರಲ್ಲಿ ರೂಪುಗೊಂಡ 'ಪ್ಲಗ್ ಅಂಡ್ ಪ್ಲೇ' ಪದ್ಧತಿಯಂತೆ ಗಣಕವೇ ಗೆರೆಗಳನ್ನು ಹಂಚುವ ಭರವಸೆ ಅದರಲ್ಲಿತ್ತು. ಆದರೆ ಜಂಪರ್ ಇರುವ ಹಳೆಯ ಕಾರ್ಡನ್ನು ತಂತ್ರಾಂಶ ಕದಲಿಸಲಾರದು. ಪರದೆಯ ಮೇಲೆ ಹಳದಿ ಆಶ್ಚರ್ಯಸೂಚಕ ಚಿಹ್ನೆ ಮೂಡುತ್ತಿತ್ತು. ಬಳಕೆದಾರ ಮತ್ತೆ ಸ್ಕ್ರೂಡ್ರೈವರ್ ಹಿಡಿಯುತ್ತಿದ್ದ. ಒಂದೇ ಗೆರೆಯನ್ನು ಹಲವರು ಹಂಚಿಕೊಳ್ಳಬಲ್ಲ ಪಿಸಿಐ, ಬಳಿಕ 1996ರಲ್ಲಿ ರೂಪುಗೊಂಡ ಯುಎಸ್‌ಬಿ ಬಂದ ಮೇಲೆ ಈ ಕಾಟ ಕ್ರಮೇಣ ತಗ್ಗಿತು.

2014ರ ನವೆಂಬರ್ 1ರಂದು ಬಿಜಾಪುರವು ಅಧಿಕೃತವಾಗಿ ವಿಜಯಪುರವಾಯಿತು. ತಿಕೋಟಾ, ಬಬಲೇಶ್ವರಗಳು ಇಂದು ತಾಲೂಕು ಕೇಂದ್ರಗಳು. ಸಂದೇಶಗಳು ಮೊಬೈಲಿನಲ್ಲಿ ಸಾಗುತ್ತವೆ. ಆದರೂ ಗಣಕಕ್ಕೆ ಯುಎಸ್‌ಬಿ ಮೂಲಕ ಕೆಲವು ಉಪಕರಣಗಳನ್ನು ಜೋಡಿಸಿದಾಗ ವಿಂಡೋಸ್ ಇಂದಿಗೂ ಅದಕ್ಕೆ 'ಕಾಮ್ 3' ಎಂದೋ 'ಕಾಮ್ 4' ಎಂದೋ ಹೆಸರಿಡುತ್ತದೆ. ಹೆಸರು ಹಳೆಯದೇ, ಗೆರೆಗಾಗಿ ಕಾದಾಟ ಮಾತ್ರ ಇಲ್ಲ.