ಆವೃತ್ತಿ ಸಂಖ್ಯೆ ದೊಡ್ಡದಾದರೆ ತಂತ್ರಾಂಶ ಉತ್ತಮವೇ?

ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ 1368ರ ಒಂದು ಶಾಸನವಿದೆ. ಜೈನರು ಮತ್ತು ಶ್ರೀವೈಷ್ಣವರ ನಡುವಿನ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯ ಬಗೆಹರಿಸಿದ ಸಂಗತಿ ಅದರಲ್ಲಿದೆ. ಇದೇ ತೀರ್ಪಿನ ಇನ್ನೊಂದು ಪಾಠ ಶ್ರವಣಬೆಳಗೊಳದಲ್ಲಿದೆ. ಎರಡನ್ನೂ ಬೆರೆಸಿಕೊಳ್ಳಬಾರದೆಂದು ವಿದ್ವಾಂಸರು ಸಂಖ್ಯೆ ಹಿಡಿದು ಮಾತನಾಡುತ್ತಾರೆ. ಕಲ್ಯದ್ದು ‘ಎಪಿಗ್ರಾಫಿಯಾ ಕರ್ನಾಟಿಕಾ’ 9ನೇ ಸಂಪುಟದ ಮಾಗಡಿ 18. ಶ್ರವಣಬೆಳಗೊಳದ್ದು ಆ ಗ್ರಂಥಮಾಲೆಯ ಮೊದಲ ಮುದ್ರಣದಲ್ಲಿ 136 ಆಗಿತ್ತು, ಪರಿಷ್ಕೃತ ಮುದ್ರಣದಲ್ಲಿ 344 ಆಯಿತು. ಸಂಖ್ಯೆ ಬೆಳೆಯಿತೆಂದು ಕಲ್ಲಿನ ಮೇಲಿನ ಬರಹವೇನೂ ಬದಲಾಗಲಿಲ್ಲ. ಯಾವ ಪಾಠದ ಬಗ್ಗೆ ಮಾತು ನಡೆಯುತ್ತಿದೆ ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಗುರುತಿಸುವುದಷ್ಟೇ ಸಂಖ್ಯೆಯ ಕೆಲಸ.

ತಂತ್ರಾಂಶಗಳ ಆವೃತ್ತಿ ಸಂಖ್ಯೆಯ ಮೊದಲ ಕೆಲಸವೂ ಇದೇ. ಆದರೆ ಮೊಬೈಲ್ ಅಂಗಡಿಯಿಂದ ಹಿಡಿದು ಕಚೇರಿಯ ಕಂಪ್ಯೂಟರ್ ಕೋಣೆಯವರೆಗೆ ‘ದೊಡ್ಡ ನಂಬರ್ ಅಂದರೆ ಒಳ್ಳೆಯದು’ ಎಂಬ ನಂಬಿಕೆ ಬೇರೂರಿದೆ. ಮುಕ್ತ ತಂತ್ರಾಂಶಗಳ, ಅಂದರೆ ಓಪನ್ ಸೋರ್ಸ್ ಯೋಜನೆಗಳ ಬಿಡುಗಡೆಗಳನ್ನು ನೋಡಿದರೆ ಈ ನಂಬಿಕೆ ಎಲ್ಲಿ ತಪ್ಪುತ್ತದೆ ಎಂಬುದು ತಿಳಿಯುತ್ತದೆ.

ಚುಕ್ಕೆ ದಶಮಾಂಶದ್ದಲ್ಲ

ಪೈಥಾನ್ ಭಾಷೆಯ 3.9ನೇ ಆವೃತ್ತಿ 2020ರಲ್ಲಿ ಬಂತು. 2021ರಲ್ಲಿ ಬಂದದ್ದು 3.10. ಶಾಲೆಯ ಲೆಕ್ಕದ ಪ್ರಕಾರ 3.10 ಎಂದರೆ 3.1, ಅದು 3.9ಕ್ಕಿಂತ ಚಿಕ್ಕದು. ಆದರೆ ಇಲ್ಲಿನ ಚುಕ್ಕೆ ಬರಿಯ ಗಡಿಗಲ್ಲು. ಅದರ ಎರಡೂ ಬದಿಯಲ್ಲಿರುವುದು ಬೇರೆಬೇರೆ ಪೂರ್ಣಸಂಖ್ಯೆಗಳು. ಪುಸ್ತಕದ 3ನೇ ಅಧ್ಯಾಯದಲ್ಲಿ 9ನೇ ಭಾಗ ಮುಗಿದ ಮೇಲೆ 10ನೇ ಭಾಗ ಬರುವುದಿಲ್ಲವೇ, ಹಾಗೆ.

ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ. 2003ರಿಂದ ಇಂದಿನವರೆಗೂ ಅದರ ಮೊದಲ ಅಂಕಿ 1 ಆಗಿಯೇ ಉಳಿದಿದೆ. 2024ರ ಕೊನೆಗೆ ಬಂದದ್ದು 1.43. ಎರಡು ದಶಕ ದಾಟಿದರೂ ‘ಎರಡನೇ’ ಮೀಡಿಯಾವಿಕಿ ಬಂದಿಲ್ಲ. ಹಾಗೆಂದು ಅದು ನಿಂತ ನೀರಲ್ಲ. ವಿಕಿಪೀಡಿಯದ ತಾಣಗಳಿಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಹೊಸ ಸಂಕೇತ ಸೇರುತ್ತಲೇ ಇರುತ್ತದೆ.

ಮೂರು ಅಂಕಿಗಳ ಮಾತುಕೊಡುವ ಪದ್ಧತಿ

ಇಂದು ಬಹಳಷ್ಟು ಯೋಜನೆಗಳು ‘ಸೆಮ್ಯಾಂಟಿಕ್ ವರ್ಷನಿಂಗ್’ ಎಂಬ ಪದ್ಧತಿಯನ್ನು ಅನುಸರಿಸುತ್ತವೆ. ಇದನ್ನು ಬರಹರೂಪಕ್ಕೆ ತಂದವರು ಗಿಟ್‌ಹಬ್ ಸಹಸಂಸ್ಥಾಪಕ ಟಾಮ್ ಪ್ರೆಸ್ಟನ್-ವರ್ನರ್. 2.4.7 ಎಂಬ ಆವೃತ್ತಿಯನ್ನು ತೆಗೆದುಕೊಳ್ಳಿ.

ಕೊನೆಯ ಅಂಕಿ 7ರಿಂದ 8ಕ್ಕೆ ಹೋದರೆ ದೋಷ ತಿದ್ದಿದ್ದಾರೆ, ಬೇರೇನೂ ಬದಲಾಗಿಲ್ಲ ಎಂದರ್ಥ. ನಡುವಿನ ಅಂಕಿ 4ರಿಂದ 5 ಆದರೆ ಹೊಸ ಸೌಲಭ್ಯ ಸೇರಿದೆ, ಹಳೆಯದು ಮೊದಲಿನಂತೆಯೇ ನಡೆಯುತ್ತದೆ. ಮೊದಲ ಅಂಕಿ 2ರಿಂದ 3 ಆದರೆ ಎಚ್ಚರ: ಹಳೆಯದಕ್ಕೆ ಹೊಂದಿಸಿ ಬರೆದದ್ದು ಇನ್ನು ಕೆಲಸ ಮಾಡದೇ ಹೋಗಬಹುದು. ಮೊದಲ ಅಂಕಿ 0 ಆಗಿದ್ದರೆ ಇನ್ನೂ ಯಾವ ಮಾತೂ ಕೊಟ್ಟಿಲ್ಲ, ಯಾವಾಗ ಏನು ಬೇಕಾದರೂ ಬದಲಾಗಬಹುದು.

ಅಂದರೆ ಈ ಪದ್ಧತಿಯಲ್ಲಿ ಮೊದಲ ಅಂಕಿ ಏರುವುದು ಸಂಭ್ರಮದ ಸುದ್ದಿಯಾಗಬೇಕಿಲ್ಲ, ಅದೊಂದು ಎಚ್ಚರಿಕೆ. ಆದರೆ ಈ ಮಾತನ್ನು ಉಳಿಸಿಕೊಳ್ಳಬೇಕಾದವರು ಮನುಷ್ಯರು. ‘ಏನೂ ಮುರಿಯುವುದಿಲ್ಲ’ ಎಂದುಕೊಂಡು ಮಾಡಿದ ಚಿಕ್ಕ ತಿದ್ದುಪಡಿ ಯಾರದ್ದೋ ಕೆಲಸ ಕೆಡಿಸಿದ ಉದಾಹರಣೆಗಳು ಬೇಕಾದಷ್ಟಿವೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಮೋಸಿಪ್. 2018ರಲ್ಲಿ ಬೆಂಗಳೂರಿನ ಐಐಐಟಿಯಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶವನ್ನು ಫಿಲಿಪ್ಪೀನ್ಸ್, ಮೊರಾಕೊ, ಇಥಿಯೋಪಿಯಗಳು ತಮ್ಮ ನಾಗರಿಕರ ಗುರುತಿನ ವ್ಯವಸ್ಥೆಗೆ ಬಳಸಿಕೊಂಡಿವೆ. ಅದರ 1.2.0 ಆವೃತ್ತಿಗೆ ‘ಎಲ್‌ಟಿಎಸ್’ ಎಂಬ ಗುರುತಿದೆ. ದೀರ್ಘಕಾಲ ದೋಷಗಳನ್ನು ತಿದ್ದಿಕೊಡುತ್ತೇವೆ ಎಂಬ ಭರವಸೆ ಅದು. ಕೋಟ್ಯಂತರ ಜನರ ದಾಖಲೆ ಇಟ್ಟುಕೊಂಡ ವ್ಯವಸ್ಥೆಗೆ ಪ್ರತಿ ತಿಂಗಳ ಹೊಸತನಕ್ಕಿಂತ ಈ ಭರವಸೆಯೇ ಮುಖ್ಯ.

ಕ್ಯಾಲೆಂಡರ್ ನೋಡಿ ಇಡುವ ಸಂಖ್ಯೆ

ಉಬುಂಟು 24.04 ಎಂದರೆ 2024ರ ನಾಲ್ಕನೇ ತಿಂಗಳಲ್ಲಿ ಬಿಡುಗಡೆಯಾದದ್ದು. ಮೊದಲ ಉಬುಂಟು 4.10 ಬಂದದ್ದು 2004ರ ಅಕ್ಟೋಬರಿನಲ್ಲಿ. 2006ರ ಏಪ್ರಿಲ್‌ಗೆ ಬರಬೇಕಿದ್ದ 6.04 ಆರು ವಾರ ತಡವಾಗಿ ಜೂನ್‌ನಲ್ಲಿ ಬಂದದ್ದರಿಂದ ಅದರ ಸಂಖ್ಯೆಯೇ 6.06 ಆಯಿತು. ಲಿಬ್ರೆಆಫೀಸ್ ಕೂಡ 2024ರಲ್ಲಿ ಈ ದಾರಿ ಹಿಡಿಯಿತು. 7.6ರ ನಂತರ ಬಂದದ್ದು ನೇರವಾಗಿ 24.2! ನಡುವೆ ಹದಿನಾರು ತಲೆಮಾರು ಕಳೆದುಹೋಗಿಲ್ಲ, ಎಣಿಸುವ ಕ್ರಮ ಬದಲಾಗಿದೆ ಅಷ್ಟೆ.

ಲಿನಕ್ಸ್ ಕರ್ನಲ್ 2011ರಲ್ಲಿ 2.6.39ರಿಂದ 3.0ಕ್ಕೆ ಹಾರಿದಾಗಲೂ ಒಳಗೆ ಕ್ರಾಂತಿಯೇನೂ ಆಗಿರಲಿಲ್ಲ. ಸಂಖ್ಯೆ ಉದ್ದವಾಯಿತೆಂದು ಲಿನಸ್ ಟೊರ್ವಾಲ್ಡ್ಸ್ ಅದನ್ನು ಮೊಟಕು ಮಾಡಿದರು. ಅದೇ ವರ್ಷ ಫೈರ್‌ಫಾಕ್ಸ್ ಮಾರ್ಚ್‌ನಲ್ಲಿ 4 ಇದ್ದದ್ದು ಡಿಸೆಂಬರ್ ಹೊತ್ತಿಗೆ 9 ಆಗಿತ್ತು. ಇದಕ್ಕೆ ತೀರಾ ವಿರುದ್ಧವಾದದ್ದು ಡೊನಾಲ್ಡ್ ಕ್ನೂತ್ ಅವರ ಟೆಕ್. ಅದರ ಪ್ರತಿ ಆವೃತ್ತಿಗೂ ಪೈ ಬೆಲೆಯ ಇನ್ನೊಂದು ಅಂಕಿ ಸೇರುತ್ತದೆ. 2021ರಲ್ಲಿ ಅದು 3.141592653 ತಲುಪಿತು. ಇಲ್ಲಿ ಸಂಖ್ಯೆ ಏರಿದಂತೆಲ್ಲ ಬದಲಾವಣೆ ಚಿಕ್ಕದಾಗುತ್ತ ಹೋಗುತ್ತದೆ.

ಹೆಸರು ಯಾಕೆ?

ಸಂಖ್ಯೆ ನಾಲಿಗೆಗೆ ನಿಲ್ಲುವುದಿಲ್ಲ, ಹೆಸರು ನಿಲ್ಲುತ್ತದೆ. ಡೆಬಿಯನ್ ತನ್ನ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಚಿತ್ರದ ಪಾತ್ರಗಳ ಹೆಸರಿಡುತ್ತದೆ. ಅದರಲ್ಲಿ ಆಟಿಕೆಗಳನ್ನು ಮುರಿಯುವ ಹುಡುಗ ಸಿಡ್‌ನ ಹೆಸರು, ಇನ್ನೂ ಪಕ್ವವಾಗದ ಶಾಖೆಗೆ ಕಾಯಂ ಆಗಿ ಸಿಕ್ಕಿದೆ. ಹೆಸರಿನಿಂದ ಇನ್ನೊಂದು ಉಪಯೋಗವೂ ಇದೆ. ಸಿ.ಡಿ. ಮಾರುವ ಕಂಪನಿಯೊಂದು ಡೆಬಿಯನ್‌ನ ಅರೆಬೆಂದ ರೂಪವನ್ನೇ 1.0 ಎಂದು ಮಾರಿತ್ತು. ಗೊಂದಲ ತಪ್ಪಿಸಲು ಯೋಜನೆಯವರು 1.0 ಸಂಖ್ಯೆಯನ್ನೇ ಕೈಬಿಟ್ಟು 1996ರಲ್ಲಿ 1.1 ಬಿಡುಗಡೆ ಮಾಡಿದರು. ತಯಾರಿಯ ಹಂತದಲ್ಲಿ ಹೆಸರಷ್ಟೇ ಇದ್ದು, ಸಿದ್ಧವಾದ ಮೇಲೆ ಸಂಖ್ಯೆ ಬಂದರೆ ಇಂಥ ಎಡವಟ್ಟಿಗೆ ಅವಕಾಶ ಕಡಿಮೆ.

ಒಂದು ಅಕ್ಷರದ ಬೆಲೆ

ಇಷ್ಟೆಲ್ಲ ತಿಳಿದು ನಮಗೇನಾಗಬೇಕು ಎನ್ನುವವರಿಗೆ ಎರಡು ಘಟನೆಗಳು.

2014ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ದೋಷ ಜಾಲತಾಣಗಳ ಗುಟ್ಟಿನ ಮಾಹಿತಿ ಸೋರಲು ದಾರಿ ಮಾಡಿತ್ತು. ಓಪನ್‌ಎಸ್‌ಎಸ್‌ಎಲ್ 1.0.1ರಿಂದ 1.0.1ಎಫ್‌ವರೆಗಿನ ಆವೃತ್ತಿಗಳಲ್ಲಿ ಅದಿತ್ತು, 1.0.1ಜಿಯಲ್ಲಿ ತಿದ್ದಲಾಯಿತು. ಕೊನೆಯ ಒಂದು ಅಕ್ಷರವೇ ಸುರಕ್ಷಿತ ಯಾವುದು, ಅಪಾಯದ್ದು ಯಾವುದು ಎಂದು ಹೇಳುತ್ತಿತ್ತು. ಅದಕ್ಕಿಂತ ಹಳೆಯ 1.0.0 ಮತ್ತು 0.9.8 ಶಾಖೆಗಳಲ್ಲಿ ಈ ದೋಷ ಇರಲೇ ಇಲ್ಲ.

2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝಡ್’ ಎಂಬ ಕಡತ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಯಾರೋ ಬೇಕೆಂದೇ ಕಳ್ಳಬಾಗಿಲು ಇಟ್ಟಿದ್ದು ಬೆಳಕಿಗೆ ಬಂತು. ಆಗ ಸಿಕ್ಕಿಬಿದ್ದವರು ಎಲ್ಲರಿಗಿಂತ ಮೊದಲು ಹೊಸದಕ್ಕೆ ಹೋದವರು. ಹಳೆಯ 5.4ರಲ್ಲಿ ಇದ್ದವರು ಪಾರಾದರು.

ಇದನ್ನು ಓದಿ ‘ಹಾಗಾದರೆ ಅಪ್‌ಡೇಟ್ ಮಾಡುವುದೇ ಬೇಡ’ ಎಂದುಕೊಂಡರೆ ಅದು ಇನ್ನೂ ದೊಡ್ಡ ತಪ್ಪು. ತಿದ್ದಿದ ಆವೃತ್ತಿ ಬಂದ ಮೇಲೂ ಹಳೆಯದರಲ್ಲೇ ಉಳಿದವರ ಮೇಲೆಯೇ ಹೆಚ್ಚು ದಾಳಿಗಳು ನಡೆಯುತ್ತವೆ.

ಹೈಫನ್ ನಂತರವೂ ಓದಿ

ಡೆಬಿಯನ್‌ನಲ್ಲಿ ‘ಗುಬ್ಬಿ’ ಎಂಬ ಕನ್ನಡ ಫಾಂಟಿನ ಆವೃತ್ತಿ 1.3-5 ಎಂದಿರುವುದನ್ನು ಕಾಣಬಹುದು. 1.3 ಫಾಂಟ್ ಮಾಡಿದವರು ಕೊಟ್ಟದ್ದು, 5 ಅದನ್ನು ಡೆಬಿಯನ್‌ಗೆ ಹೊಂದಿಸಿದವರು ಕೊಟ್ಟದ್ದು. ಹಾರ್ಟ್‌ಬ್ಲೀಡ್ ಸಮಯದಲ್ಲಿ ಡೆಬಿಯನ್ ತನ್ನ 1.0.1ಇ ಆವೃತ್ತಿಯನ್ನು ಹಾಗೆಯೇ ಇಟ್ಟುಕೊಂಡು, ತಿದ್ದುಪಡಿಯನ್ನು ಮಾತ್ರ ಅದಕ್ಕೆ ಸೇರಿಸಿ ಹೈಫನ್ ನಂತರದ ಭಾಗವನ್ನು ಬದಲಿಸಿತು. ಮೊದಲ ಭಾಗವನ್ನಷ್ಟೇ ನೋಡಿದವರಿಗೆ ಅದು ಅಪಾಯದ ಆವೃತ್ತಿಯಂತೆಯೇ ಕಾಣುತ್ತಿತ್ತು!

ಹಾಗಾದರೆ ಏನನ್ನು ನೋಡಬೇಕು?

ಮೊದಲು, ಆ ಯೋಜನೆ ಎಣಿಸುವ ಕ್ರಮ ಯಾವುದು ಎಂದು ತಿಳಿಯಿರಿ: ಮಾತುಕೊಡುವ ಮೂರಂಕಿಯೋ, ಕ್ಯಾಲೆಂಡರೋ, ಅವರದ್ದೇ ಬೇರೆ ರೂಢಿಯೋ. ಎರಡನೆಯದು, ನಿಮ್ಮಲ್ಲಿರುವ ಆವೃತ್ತಿಗೆ ಇನ್ನೂ ಸುರಕ್ಷತಾ ತಿದ್ದುಪಡಿ ಬರುತ್ತಿದೆಯೇ ಎಂದು ನೋಡಿ. ಮೂರನೆಯದು, ಮೊದಲ ಅಂಕಿ ಬದಲಾಗಿದ್ದರೆ ಬಿಡುಗಡೆಯ ಟಿಪ್ಪಣಿ ಓದಿ, ನಿಮ್ಮ ಕಡತಗಳ ಪ್ರತಿ ತೆಗೆದಿಟ್ಟುಕೊಂಡೇ ಮುಂದುವರಿಯಿರಿ. ಯಾರ ಬಳಿಯಾದರೂ ಸಹಾಯ ಕೇಳುವಾಗ ‘ಹೊಸದೇ ಹಾಕಿದ್ದೇನೆ’ ಎನ್ನುವ ಬದಲು ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ಬರೆದುಕೊಡಿ. ಆಗ ಉತ್ತರ ಹೇಳುವವರು ನಿಮ್ಮಲ್ಲಿರುವ ಪ್ರತಿಯನ್ನೇ ನೋಡಿ ಹೇಳಬಲ್ಲರು.